ಅಂಗಳದವರೆಗೆ ಬಂದ ಕಡಲು: ಕಲ್ಲು ಕಟ್ಟಿಸಬೇಕಾ, ಮನೆ ಬಿಡಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಕಾಸರಗೋಡು ಜಿಲ್ಲೆಯಲ್ಲಿ ಉಪ್ಪಳಕ್ಕೂ ಕುಂಬಳೆಗೂ ನಡುವಿನ ಕಡಲ ಬದಿಯ ಮನೆ. ನಾನು ಮದುವೆಯಾಗಿ ಬಂದು 22 ವರ್ಷ. ಆಗ ಜಗಲಿಯಿಂದ ಹೊಯಿಗೆಯ (ಮರಳಿನ) ಅಂಚಿನವರೆಗೆ 120 ಹೆಜ್ಜೆ ಇತ್ತು. ನಡುವೆ ಎರಡು ಸಾಲು ತೆಂಗು, ಬಲೆ ಒಣಗಿಸುವ ಜಾಗ. ಈಗ ಉಳಿದದ್ದು 35 ಹೆಜ್ಜೆ. ಜಾಸ್ತಿ ಹೋದದ್ದು ಈಚಿನ ಏಳೆಂಟು ವರ್ಷಗಳಲ್ಲಿ. 2021ರ ಮೇ ತಿಂಗಳ ತೂಫಾನಿಗೆ ಒಂದೇ ವಾರದಲ್ಲಿ 15 ಹೆಜ್ಜೆ ಹೋಯಿತು. ಬಾವಿ ನೀರು ಫೆಬ್ರವರಿ ಕಳೆದರೆ ಉಪ್ಪು. ಕಡಲು 12 ವರ್ಷಕ್ಕೊಮ್ಮೆ ಬರುತ್ತದೆ, ತಾನಾಗಿ ಹಿಂದೆ ಹೋಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಮಗ ಮೊಬೈಲ್ ತೋರಿಸಿ, ಹಿಮ ಕರಗಿ ಕಡಲು ಏರುತ್ತಿದೆ, ಊರೇ ಮುಳುಗುತ್ತದೆ, ಸಿಕ್ಕಿದ ರೇಟಿಗೆ ಮಾರುವ ಅನ್ನುತ್ತಾನೆ. ಸಾಲ ಮಾಡಿಯಾದರೂ ಮನೆ ಮುಂದೆ ಕಲ್ಲು ಕಟ್ಟಿಸುವ ಅಂತ ಮೈದುನ. ಸರಕಾರದ 10 ಲಕ್ಷದ ಯೋಜನೆಯೂ ಇದೆಯಂತೆ. ನಮ್ಮವರಿಗೆ ದೋಣಿ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ನಿಜಕ್ಕೂ ಏನಾಗುತ್ತಿದೆ? ನಮಗೆ ಇನ್ನು ಎಷ್ಟು ವರ್ಷ ಇದೆ?

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಆ ಹೆಜ್ಜೆಯ ಲೆಕ್ಕ. ಕಡಲ್ಕೊರೆತದ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು "ತುಂಬಾ ಹೋಗಿದೆ" ಅಂತಷ್ಟೇ ಹೇಳುತ್ತಾರೆ. ನೀವು ಅಳೆದು ಬರೆದಿದ್ದೀರಿ. ಹಾಗಾಗಿ ನಾನೂ ಲೆಕ್ಕ ಇಟ್ಟೇ ಉತ್ತರ ಕೊಡುತ್ತೇನೆ. ಅತ್ತೆ, ಮಗ, ಮೈದುನ ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಆದರೆ ಒಬ್ಬರ ಮಾತನ್ನೇ ಹಿಡಿದು ತೀರ್ಮಾನ ಮಾಡಿದರೆ ಕಷ್ಟವಾಗುತ್ತದೆ.

ಮೊದಲು ಮಗನ ಮಾತು. ಕಡಲ ಮಟ್ಟ ಏರುತ್ತಿರುವುದು ನಿಜ, ಅದರಲ್ಲಿ ಸಂಶಯವಿಲ್ಲ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರವರೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರಿದೆ. ಅದಕ್ಕೂ ಹಿಂದಿನ ನೂರು ವರ್ಷಗಳಲ್ಲಿ ಏರಿಕೆ ಇದರ ಅರ್ಧದಷ್ಟೋ, ಇನ್ನೂ ಕಡಿಮೆಯೋ ಇತ್ತು. ಕಾರಣ ಹಿಮ ಕರಗುವುದೊಂದೇ ಅಲ್ಲ. ನೀರು ಬಿಸಿಯಾದರೆ ಹಿಗ್ಗುತ್ತದೆ, ನಮ್ಮ ಕಡೆಯ ಏರಿಕೆಯಲ್ಲಿ ಅದರ ಪಾಲು ದೊಡ್ಡದು. ಈ ಲೆಕ್ಕದಲ್ಲಿ ನೀವು ಆ ಮನೆಗೆ ಬಂದ ಮೇಲೆ ಕಡಲು ಏರಿದ್ದು ಏಳು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಗಲ. ಹೊಯಿಗೆಯ ದಂಡೆ ಇಳಿಜಾರು ಇರುವುದರಿಂದ ಮಟ್ಟ ಏರಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ದಂಡೆ ಹಿಂದೆ ಸರಿಯುತ್ತದೆ. ಸಾಮಾನ್ಯವಾಗಿ ನಾವು ಹಾಕುವ ಒರಟು ಲೆಕ್ಕ 50ರಿಂದ 100 ಪಟ್ಟು. ಹಾಗೆ ನೋಡಿದರೆ ಕಡಲ ಮಟ್ಟದ ಏರಿಕೆಯಿಂದ ನಿಮ್ಮ ಮನೆ ಮುಂದೆ ಹೋಗಿರಬಹುದಾದದ್ದು ನಾಲ್ಕರಿಂದ ಏಳು ಮೀಟರ್. ಜಾಸ್ತಿ ಅಂದರೆ ಹತ್ತು ಹೆಜ್ಜೆ.

ಆದರೆ ನಿಮಗೆ ಹೋದದ್ದು 85 ಹೆಜ್ಜೆ. ಉಳಿದ 75 ಹೆಜ್ಜೆ ಎಲ್ಲಿ ಹೋಯಿತು?

ಇನ್ನೊಂದು ಲೆಕ್ಕವನ್ನೂ ಮಗನಿಗೆ ತೋರಿಸಿ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟು ದೇಶದ ಇಡೀ ದಂಡೆಯನ್ನು ನೋಡಿದೆ. ಸುಮಾರು ಶೇ. 34ರಷ್ಟು ದಂಡೆ ಕೊರೆದುಹೋಗಿದೆ. ಆದರೆ ಶೇ. 27ರಷ್ಟು ದಂಡೆ ಬೆಳೆದಿದೆ! ಕೇರಳದಲ್ಲಿ ಕೊರೆದದ್ದು ಶೇ. 46. ಕಡಲು ಏರುತ್ತಿರುವುದು ಎಲ್ಲ ಕಡೆ. ಹಾಗಿದ್ದರೆ ಒಂದು ಊರಿನ ದಂಡೆ ಕರಗಿ ಪಕ್ಕದ ಊರಿನ ದಂಡೆ ಬೆಳೆಯುವುದು ಯಾಕೆ? ಉತ್ತರ ನೀರಿನಲ್ಲಿಲ್ಲ, ಹೊಯಿಗೆಯಲ್ಲಿದೆ.

ದಂಡೆಯ ಹೊಯಿಗೆ ಒಂದೇ ಕಡೆ ನಿಂತಿರುವುದಿಲ್ಲ. ಅಲೆ ಓರೆಯಾಗಿ ಬಂದು ಹೊಡೆದಾಗ ದಂಡೆಯುದ್ದಕ್ಕೂ ಸಾಗುತ್ತಲೇ ಇರುತ್ತದೆ, ಕೆಲವು ತಿಂಗಳು ತೆಂಕಿಗೆ, ಕೆಲವು ತಿಂಗಳು ಬಡಗಿಗೆ. ಅದಕ್ಕೆ ಹೊಸದಾಗಿ ಸೇರುವುದು ಹೊಳೆಗಳು ತಂದು ಹಾಕುವ ಹೊಯಿಗೆ. ನಿಮ್ಮ ಕಡೆ ಉಪ್ಪಳ ಹೊಳೆ, ಶಿರಿಯ ಹೊಳೆ, ಮೊಗ್ರಾಲ್ ಹೊಳೆ, ಇನ್ನೂ ತೆಂಕಿಗೆ ಚಂದ್ರಗಿರಿ. ಈ ಹೊಳೆಗಳಿಗೆ ಕಟ್ಟ ಬಂತು, ಕಿಂಡಿ ಅಣೆಕಟ್ಟು ಬಂತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ರಾತ್ರಿ ದೋಣಿ ಹಾಕಿ ಮರಳು ತೆಗೆಯುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಒಂದೊಂದು ಲೋಡೂ ನಿಮ್ಮ ಅಂಗಳದ ಮುಂದೆ ಬಂದು ಬೀಳಬೇಕಾಗಿದ್ದದ್ದು.

ಇದರ ಮೇಲೆ ಕಲ್ಲಿನ ಕಟ್ಟಡಗಳು. ಬಂದರಿಗೆಂದು ಕಡಲೊಳಗೆ ಉದ್ದಕ್ಕೆ ಅಲೆತಡೆ ಕಟ್ಟಿದರೆ, ದಂಡೆಯುದ್ದಕ್ಕೂ ಸಾಗುವ ಹೊಯಿಗೆ ಅದರ ಒಂದು ಬದಿಯಲ್ಲಿ ನಿಂತುಬಿಡುತ್ತದೆ. ಆ ಬದಿ ಬೆಳೆಯುತ್ತದೆ, ಇನ್ನೊಂದು ಬದಿ ಸೊರಗುತ್ತದೆ. ಎಲ್ಲಿ ಅಲೆತಡೆ ಕಟ್ಟಿದರೂ ಹೀಗೇ. ಮಂಜೇಶ್ವರ ಬಂದರಿನ ಪಕ್ಕದ ಮುಸೋಡಿಯ ಜನ ತಮ್ಮ ಮನೆಗಳು ಹೋದದ್ದನ್ನು ಹೇಳುವಾಗ ಅಲೆತಡೆಯತ್ತ ಕೈ ತೋರಿಸುವುದು ಸುಮ್ನೆ ಅಲ್ಲ. ಮೀನುಗಾರರಿಗೆ ಬಂದರು ಬೇಕೇ ಬೇಕು, ಅದನ್ನು ಬೇಡ ಎನ್ನುವವಳು ನಾನಲ್ಲ. ಆದರೆ ಅಲೆತಡೆ ಕಟ್ಟಿದ ಮೇಲೆ ಒಂದು ಬದಿ ನಿಂತ ಹೊಯಿಗೆಯನ್ನು ಪ್ರತಿ ವರ್ಷ ತೆಗೆದು ಇನ್ನೊಂದು ಬದಿಗೆ ಹಾಕುವ ಕೆಲಸವೂ ಬಂದರಿನ ಖರ್ಚಿನಲ್ಲಿ ಸೇರಿರಬೇಕು. ಹೂಳೆತ್ತಿದ ಹೊಯಿಗೆ ಲಾರಿ ಹತ್ತಿ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಅತ್ತೆಯ ಮಾತು. 12 ವರ್ಷ ಅನ್ನುವ ಲೆಕ್ಕಕ್ಕೆ ಆಧಾರವಿಲ್ಲ. ಆದರೆ ಕಡಲು ತೆಗೆದದ್ದನ್ನು ತಿರುಗಿ ಕೊಡುತ್ತದೆ ಅನ್ನುವುದು ಅವರು ಕಣ್ಣಾರೆ ಕಂಡ ಸತ್ಯ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಹೊಯಿಗೆಯನ್ನು ಎಳೆದು ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ ದಿಬ್ಬ ಮಾಡಿ ಇಡುತ್ತವೆ. ಆ ದಿಬ್ಬಕ್ಕೇ ಬಡಿದು ಮುಂದಿನ ಅಲೆಗಳ ಜೋರು ಕಡಿಮೆಯಾಗುತ್ತದೆ. ಅಕ್ಟೋಬರ್ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ಮೆಲ್ಲ ಮೆಲ್ಲ ದಡಕ್ಕೆ ತಂದು ಹಾಕುತ್ತವೆ. ಫೆಬ್ರವರಿ ಹೊತ್ತಿಗೆ ದಂಡೆ ತುಂಬಿರುತ್ತದೆ. ಮಳೆಗಾಲಕ್ಕೆಂದು ಮುಡಿ ಕಟ್ಟಿಟ್ಟ ಅಕ್ಕಿಯ ಹಾಗೆ ಅದು, ಆಟಿಯಲ್ಲಿ ಖರ್ಚಾಗುತ್ತದೆ, ಮತ್ತೆ ತುಂಬಿಸಿಕೊಳ್ಳುತ್ತದೆ. ಅತ್ತೆಯ ಕಾಲದಲ್ಲಿ ಹೊಳೆಯ ಹೊಯಿಗೆ ಬೇಕಾದಷ್ಟಿತ್ತು, ಹಾಗಾಗಿ ಖರ್ಚಾದದ್ದು ಪೂರ್ತಿ ತುಂಬುತ್ತಿತ್ತು. ಅಳಿವೆಯ ಬಾಯಿ ಜಾಗ ಬದಲಿಸಿದಾಗ ಕೆಲವು ವರ್ಷ ಒಂದು ಕಡೆ ಕೊರೆದು ಆಮೇಲೆ ಬೆಳೆಯುವುದನ್ನೂ ಅವರು ನೋಡಿರುತ್ತಾರೆ. ಅವರ ಅನುಭವ ಸುಳ್ಳಲ್ಲ. ಬದಲಾದದ್ದು ಕಡಲ ಹತ್ತಿರ ಇರುವ ಹೊಯಿಗೆಯ ಪ್ರಮಾಣ.

ಹಾಗಾದರೆ ಹವಾಮಾನ ಬದಲಾವಣೆಯ ಪಾಲೇ ಇಲ್ಲವಾ? ಇದೆ, ತುಂಬಾ ಇದೆ. ಆದರೆ ಮಗ ಅಂದುಕೊಂಡ ಹಾಗೆ ಊರು ಮುಳುಗುವುದರಲ್ಲಿ ಅಲ್ಲ. ದಂಡೆಗೆ ಸುಧಾರಿಸಿಕೊಳ್ಳಲು ಸಮಯ ಸಿಗದಂತೆ ಮಾಡುವುದರಲ್ಲಿ.

1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ನೀರು ಸರಾಸರಿ 1 ಡಿಗ್ರಿ ಬಿಸಿಯಾಗಿದೆ. ತೂಫಾನಿಗೆ ಬಲ ಬರುವುದು ಬಿಸಿ ನೀರಿನಿಂದ. ನಮ್ಮ ಹಿರಿಯರಿಗೆ ತೂಫಾನು ಅಂದರೆ ಬಂಗಾಳ ಕೊಲ್ಲಿಯ ಸಂಗತಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ಅಧ್ಯಯನದ ಪ್ರಕಾರ 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಜಾಸ್ತಿಯಾಗಿವೆ. ಅತಿ ತೀವ್ರ ಚಂಡಮಾರುತಗಳು ಶೇ. 150ರಷ್ಟು. 2017ರಲ್ಲಿ ಓಖಿ ಬಂತು. 2021ರ ಮೇಯಲ್ಲಿ ನಿಮ್ಮ 15 ಹೆಜ್ಜೆ ಕೊಂಡುಹೋದದ್ದು ತೌಕ್ತೆ. ಅದು ನಿಮ್ಮ ಊರಿಗೆ ಅಪ್ಪಳಿಸಲೇ ಇಲ್ಲ, ದೂರದಲ್ಲೇ ಸಾಗಿ ಗುಜರಾತಿನಲ್ಲಿ ದಡ ಮುಟ್ಟಿತು. ಅದು ಬಂದ ತಿಂಗಳನ್ನು ಗಮನಿಸಿ. ದಂಡೆ ತುಂಬಿಕೊಂಡು ಮಳೆಗಾಲಕ್ಕೆ ತಯಾರಾಗಿ ನಿಂತ ಹೊತ್ತಿನಲ್ಲಿ ತೂಫಾನು ಬಂದು ಹೊಯಿಗೆ ಎಳೆದುಕೊಂಡು ಹೋಯಿತು. ಎರಡೇ ವಾರದಲ್ಲಿ ಮಳೆಗಾಲ ಶುರು. ಬರಿಗೈಯಲ್ಲಿದ್ದ ದಂಡೆ ಆ ವರ್ಷದ ಅಲೆಗಳನ್ನು ಹೇಗೆ ತಡೆಯಬೇಕು?

ಇನ್ನೊಂದು, ಗಾಳಿ ಮಳೆ ಏನೂ ಇಲ್ಲದ ದಿನ ಬರುವ ಕಡಲು. ಮಲೆಯಾಳಂನಲ್ಲಿ ಕಳ್ಳಕ್ಕಡಲ್ ಅನ್ನುತ್ತಾರೆ. ಭೂಮಿಯ ದಕ್ಷಿಣ ತುದಿಯ ಹತ್ತಿರದ ಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಉದ್ದುದ್ದ ಅಲೆಗಳು ಕೆಲವು ದಿನಗಳ ನಂತರ ನಮ್ಮ ದಡ ಮುಟ್ಟುತ್ತವೆ. 2024ರ ಮಾರ್ಚ್ 31ರಂದು ಕೇರಳದ ಕಡಲ ಬದಿಯ ಮನೆಗಳಿಗೆ ನೀರು ನುಗ್ಗಿದ್ದು ಹೀಗೆ, ಆಕಾಶ ತಿಳಿಯಾಗಿದ್ದ ದಿನ. ಇದು ಮೊದಲೂ ಇತ್ತು. ಆದರೆ ಈಗ ಅದು ಸವಾರಿ ಮಾಡುವುದು ನಾಲ್ಕು ಬೆರಳು ಎತ್ತರದ ಕಡಲ ಮೇಲೆ, ಹೊಡೆಯುವುದು ಹೊಯಿಗೆ ಕಡಿಮೆಯಾದ ದಂಡೆಗೆ. ಹುಣ್ಣಿಮೆ, ಅಮಾವಾಸ್ಯೆಯ ಭರತದ ಹೊತ್ತಿಗೆ ಬಂದರೆ ಇನ್ನೂ ಕಷ್ಟ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ನಿಮಗೆ ಬರುವ ಎಚ್ಚರಿಕೆಯ ಮೆಸೇಜ್ ಮಲೆಯಾಳಂನಲ್ಲಿ ಇದ್ದು ಮನೆಯಲ್ಲಿ ಹಿರಿಯರಿಗೆ ಓದಲು ಬರುವುದಿಲ್ಲ ಅಂತಾದರೆ ಮಂಗಳೂರು ಆಕಾಶವಾಣಿ ಕೇಳಿ. ದಕ್ಷಿಣ ಕನ್ನಡದ ಕಡಲಿಗೆ ಹೇಳಿದ ಎಚ್ಚರಿಕೆಯನ್ನು ನಿಮ್ಮದೇ ಅಂತ ತಿಳಿಯಿರಿ. ಗಡಿ ಇರುವುದು ತಲಪಾಡಿಯ ರಸ್ತೆಯಲ್ಲಿ, ನೀರಿನಲ್ಲಿ ಅಲ್ಲ.

ಈಗ ಮೈದುನನ ಕಲ್ಲು. ದಯವಿಟ್ಟು ಸ್ವಂತ ಸಾಲ ಮಾಡಿ ಮನೆ ಮುಂದೆ ಗೋಡೆ ಕಟ್ಟಿಸಬೇಡಿ. ಹೀಗೆ ಕಟ್ಟಿದ ಗೋಡೆಗಳ ಬುಡ ನೋಡುವುದೇ ನನ್ನ ಕೆಲಸ. ಎಲ್ಲ ಕಡೆ ಒಂದೇ ರೀತಿ ಬೀಳುತ್ತವೆ. ಅಲೆ ಗೋಡೆಗೆ ಬಡಿದು ಹಿಂದೆ ಬರುವಾಗ ಅದರ ಬುಡದ ಹೊಯಿಗೆಯನ್ನು ಕೆತ್ತಿ ಒಯ್ಯುತ್ತದೆ. ಮೊದಲ ಮಳೆಗಾಲಕ್ಕೆ ಗೋಡೆಯ ಮುಂದೆ ಮೊಣಕಾಲುದ್ದದ ಗುಂಡಿ. ಕಲ್ಲುಗಳ ಸಂದಿನಿಂದ ಹಿಂದಿನ ಹೊಯಿಗೆಯೂ ಸೋರುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಅಂಗಳದಲ್ಲಿ ಮಾತ್ರ ಅಲ್ಲಲ್ಲಿ ನೆಲ ಕುಸಿದು ತೂತು ಬಿದ್ದಿರುತ್ತದೆ. ಅದು ಕಂಡರೆ ಗೋಡೆ ಮುಗಿಯಿತು ಅಂತಲೇ ಲೆಕ್ಕ. ಕೆಂಪುಕಲ್ಲಾದರೆ ಇನ್ನೂ ಬೇಗ. ಕಡಲ ಗೋಡೆಗೆ ಟನ್ ತೂಕದ ಕಗ್ಗಲ್ಲು ಬೇಕು, ಅಡಿಯಲ್ಲಿ ಹೊಯಿಗೆ ಸೋರದಂತೆ ಬಟ್ಟೆಯ ಪದರ ಬೇಕು. ಒಂದು ಮನೆಯವರ ಕೈಲಾಗುವ ಕೆಲಸ ಅಲ್ಲ. ಕಡಲ ಬದಿಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ ಕಾನೂನಿನ ತೊಡಕು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಜಾಸ್ತಿಯಾಗುತ್ತದೆ. ಅಂದರೆ ನಿಮ್ಮ ಪಕ್ಕದ ಮನೆ ಹೋಗುತ್ತದೆ. ಬೆಳಗಾದರೆ ಮುಖ ನೋಡಬೇಕಾದವರು ಅವರು.

ಸರಕಾರವೇ ಸರಿಯಾಗಿ ಕಟ್ಟಿದರೆ? ಕೊಚ್ಚಿಯ ಹತ್ತಿರದ ಚೆಲ್ಲಾನಂನಲ್ಲಿ 7 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನಾಲ್ಕು ಕಾಲಿನ ಕಾಂಕ್ರೀಟ್ ಗಡ್ಡೆಗಳನ್ನು, ಅಂದರೆ ಟೆಟ್ರಾಪಾಡ್‌ಗಳನ್ನು ಹಾಕಿದರು. ಯೋಜನೆಯ ಮೊತ್ತ 344 ಕೋಟಿ. ಅಲ್ಲಿನ ಮನೆಗಳಿಗೆ ನೀರು ನುಗ್ಗುವುದು ತಗ್ಗಿತು, ಇದನ್ನು ಒಪ್ಪಲೇಬೇಕು. ಆದರೆ ಗೋಡೆ ಮುಗಿದ ಜಾಗದಿಂದ ಆಚೆ, ಕಣ್ಣಮಾಲಿ ಕಡೆಯವರ ಗೋಳು ಜಾಸ್ತಿಯಾಯಿತು. ನಮ್ಮ ಉಳ್ಳಾಲದಲ್ಲಿ ಎಡಿಬಿ (ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್) ಸಾಲದ ಯೋಜನೆಯಲ್ಲಿ ಕಡಲೊಳಗೆ ರೀಫ್, ಅಂದರೆ ಅಲೆಯ ಜೋರು ತಗ್ಗಿಸುವ ನೀರಿನಡಿಯ ದಿಬ್ಬ ಮಾಡಿದರು. ಆಮೇಲೆ ಕೊರೆತದ ಸುದ್ದಿ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಿಂದ ಬರತೊಡಗಿತು. ಹೊಯಿಗೆ ತುಂಬಿದ ದಪ್ಪ ಬಟ್ಟೆಯ ಚೀಲ, ಅಂದರೆ ಜಿಯೋಬ್ಯಾಗ್, ಖರ್ಚು ಕಡಿಮೆ, ಆದರೆ ಬಿಸಿಲಿಗೆ, ಮರದ ತುಂಡು ತಾಗಿ ಹರಿದರೆ ಮುಗಿಯಿತು, ಕೆಲವು ಮಳೆಗಾಲಕ್ಕಷ್ಟೇ. ಹಾಗಾಗಿ ಪಂಚಾಯತಿಗೆ ಮನವಿ ಕೊಡುವಾಗ ಬರೀ "ಕಲ್ಲು ಹಾಕಿ" ಅಂತ ಬರೆಯಬೇಡಿ. ಅಳಿವೆಯ ಮರಳು ನಿಲ್ಲಿಸಿ, ಬಂದರಿನಲ್ಲಿ ಎತ್ತಿದ ಹೂಳಿನ ಹೊಯಿಗೆಯನ್ನು ಕೊರೆಯುವ ಬದಿಗೆ ಹಾಕಿ, ಅಂತ ಊರವರೆಲ್ಲ ಸಹಿ ಹಾಕಿ ಕೇಳಿ. ದಂಡೆಯ ಮೇಲೆ ನೇರಳೆ ಹೂ ಬಿಡುವ ಬಳ್ಳಿ ಹಬ್ಬಿದ್ದರೆ ಕೀಳಲು ಬಿಡಬೇಡಿ, ಹಾರಿ ಬರುವ ಹೊಯಿಗೆಯನ್ನು ಹಿಡಿದಿಡುವುದು ಅದೇ.

"ಎಷ್ಟು ವರ್ಷ ಇದೆ" ಅಂತ ಕೇಳಿದ್ದೀರಿ. ವರ್ಷದಲ್ಲಿ ಹೇಳಲು ಯಾರಿಂದಲೂ ಆಗದು, ಹೇಳಿದರೆ ನಂಬಬೇಡಿ. ಆದರೆ ಹೆಜ್ಜೆಯಲ್ಲಿ ಹೇಳಬಹುದು. ಫೆಬ್ರವರಿ ಕೊನೆಗೆ, ದಂಡೆ ಪೂರ್ತಿ ತುಂಬಿದಾಗ, ಬಾವಿಕಟ್ಟೆಯಿಂದ ಹಗ್ಗ ಹಿಡಿದು ಹುಲ್ಲು ಬಳ್ಳಿ ಮುಗಿಯುವ ಅಂಚಿನವರೆಗೆ ಅಳೆಯಿರಿ. ನೀರಿನವರೆಗೆ ಅಳೆದರೆ ಪ್ರಯೋಜನವಿಲ್ಲ, ಭರತ ಇಳಿತಕ್ಕೆ ಅದು ದಿನಾ ಬದಲಾಗುತ್ತದೆ. ಮನೆಯ ಮೂಲೆಯಿಂದಲೂ ಒಂದು ಅಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆದಿಡಿ, ಅದೇ ಜಾಗದಲ್ಲಿ ಒಂದು ಫೋಟೋ. ಜುಲೈಯಲ್ಲಿ ಅಳೆದರೆ ಹೆದರಿಕೆಯಾಗುತ್ತದೆ, ನಿಜ ಗೊತ್ತಾಗುವುದಿಲ್ಲ. ಫೆಬ್ರವರಿಯ ಅಳತೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ, ದಂಡೆ ತಿರುಗಿ ತುಂಬುತ್ತಿಲ್ಲ ಅಂತ ಅರ್ಥ.

ನಾನು ಇಟ್ಟುಕೊಂಡಿರುವ ಮಿತಿ ಇಷ್ಟೇ: ಒಂದು ಕೆಟ್ಟ ವರ್ಷದಲ್ಲಿ ಕಡಲು ಎಷ್ಟು ಒಯ್ಯುತ್ತದೋ ಅದರ ಎರಡರಷ್ಟು ಜಾಗವಾದರೂ ಮನೆ ಮುಂದೆ ಇರಬೇಕು. ನಿಮ್ಮಲ್ಲಿ ಒಂದೇ ವಾರಕ್ಕೆ 15 ಹೆಜ್ಜೆ ಹೋಗಿದೆ. ಎರಡರಷ್ಟು ಅಂದರೆ 30. ಉಳಿದಿರುವುದು 35. ಅಕ್ಕಾ, ನೀವು ಅಂಚಿನಲ್ಲಿದ್ದೀರಿ. ನಾಳೆಯೇ ಓಡಿ ಅಂತ ಹೇಳುತ್ತಿಲ್ಲ. ಆದರೆ ಹೋಗುವ ತಯಾರಿಯನ್ನು ಈ ವರ್ಷವೇ ಶುರು ಮಾಡಬೇಕು. ಮನೆ ಬಿದ್ದ ಮೇಲೆ ಹೊರಟವರನ್ನು ನೋಡಿದ್ದೇನೆ. ಶಾಲೆಯ ಕ್ಯಾಂಪು, ಆಮೇಲೆ ಬಾಡಿಗೆ ಮನೆ, ಮಕ್ಕಳ ಓದು ಅರ್ಧಕ್ಕೆ. ಮನೆ ನಿಂತಿರುವಾಗಲೇ ಹೊರಟವರಿಗೆ ಕಿಟಕಿ, ಬಾಗಿಲು, ಹಂಚು, ಪಕ್ಕಾಸು ಸಹ ಜೊತೆಗೆ ಬಂದಿವೆ. ಹಾಗಂತ ಮಗ ಹೇಳುವ ಹಾಗೆ ಸಿಕ್ಕಿದ ರೇಟಿಗೆ ಮಾರುವ ಅವಸರವೂ ಬೇಡ. ಮೊದಲು ನಿಮಗೆ ಸಿಗಬೇಕಾದದ್ದನ್ನು ಕೇಳಿ ಪಡೆಯಿರಿ.

ನೀವು ಕೇಳಿದ ಯೋಜನೆಯ ಹೆಸರು ಪುನರ್ಗೇಹಂ. ಕಡಲ ಅಂಚಿನಿಂದ 50 ಮೀಟರಿನೊಳಗಿರುವ ಕುಟುಂಬಗಳಿಗೆ ಕೇರಳ ಮೀನುಗಾರಿಕಾ ಇಲಾಖೆಯದ್ದು. 18,685 ಕುಟುಂಬಗಳನ್ನು ಗುರುತಿಸಿ, 2,450 ಕೋಟಿ ರೂಪಾಯಿಯ ಯೋಜನೆಯಾಗಿ ಹೊರಟದ್ದು. 10 ಲಕ್ಷದಲ್ಲಿ ಜಾಗಕ್ಕೆ ಹೆಚ್ಚೆಂದರೆ 6 ಲಕ್ಷ, ಉಳಿದದ್ದು ಮನೆಗೆ. ನಿಮ್ಮ 35 ಹೆಜ್ಜೆ ಅಂದರೆ 25 ಮೀಟರ್, ಹಾಗಾಗಿ ಅಳತೆಯಲ್ಲಿ ನೀವು ಒಳಗೇ ಇದ್ದೀರಿ. ತೊಂದರೆ ಇರುವುದು ಬೇರೆ ಕಡೆ. ಹೆದ್ದಾರಿ ಅಗಲವಾದ ಮೇಲೆ ಉಪ್ಪಳ, ಕುಂಬಳೆ ಸುತ್ತ 6 ಲಕ್ಷಕ್ಕೆ ಮನೆ ಕಟ್ಟುವಷ್ಟು ಜಾಗ ಕಡಲ ಹತ್ತಿರ ಸಿಗುವುದು ಕಷ್ಟ. ದೂರ ಗುಡ್ಡದ ಮೇಲೆ ಸಿಕ್ಕೀತು. ಬೆಳಗ್ಗೆ ನಾಲ್ಕು ಗಂಟೆಗೆ ದೋಣಿಗೆ ಬರಬೇಕಾದವರು ಅಲ್ಲಿಂದ ಹೇಗೆ ಬರಬೇಕು? ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಹೊಸ ಮನೆಗೆ ಬೀಗ ಹಾಕಿ ಹಳೇ ಮನೆಗೇ ತಿರುಗಿ ಬಂದವರಿಗೆ ಮನಸ್ಸಿಲ್ಲದೆ ಅಲ್ಲ, ಹೊಟ್ಟೆಪಾಡಿಗೆ.

ಹಾಗಾಗಿ ಒಬ್ಬರೇ ಹೋಗಬೇಡಿ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ಜಾಗ ಹುಡುಕಿ. ದೊಡ್ಡ ತುಂಡು ಜಾಗ ತೆಗೆದು ಹಂಚಿಕೊಂಡರೆ ಸೆಂಟ್ಸಿಗೆ ಬೆಲೆ ಇಳಿಯುತ್ತದೆ, ನಸುಕಿನಲ್ಲಿ ಒಂದೇ ರಿಕ್ಷಾದಲ್ಲಿ ಕಡಲಿಗೆ ಬರಬಹುದು. ವಾಸ ಮೇಲಿರಲಿ, ಬಲೆ, ಇಂಜಿನ್, ಮೀನು ಒಣಗಿಸುವ ಕೆಲಸ ಕೆಳಗೇ ಇರಲಿ. ಬಲೆ ಸರಿಮಾಡುವ, ಮೀನು ಒಣಗಿಸುವ ಜಾಗಕ್ಕೆ ಕಡಲ ಬದಿಯಲ್ಲಿ ಸಿಆರ್‌ಝಡ್ ಕಾನೂನಿನಲ್ಲೂ ಅವಕಾಶ ಇದೆ. ಅತ್ತೆಯವರಿಗೂ ಹಗಲು ಬಂದು ಕೂರಲು ಒಂದು ಜಾಗ ಆಯಿತು.

ಸಾಲದ ಬಗ್ಗೆ ಒಂದು ಮಾತು. ಕೇರಳದಲ್ಲಿ ಬೂತಾಯಿ ಮೀನು 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಆಮೇಲೆ ಪುನಃ ಏರಿತು, ನಿಜ. ಆದರೆ ಹೀಗೆ ಏರಿಳಿಯುವ ಮೀನನ್ನು ನಂಬಿ ಗೋಡೆಗೋ, ಇದ್ದ ಮನೆಯ ಮೇಲೆ ಇನ್ನೊಂದು ಅಂತಸ್ತಿಗೋ ತಿಂಗಳು ತಿಂಗಳು ಕಂತು ಕಟ್ಟುವ ಧೈರ್ಯ ಮಾಡಬೇಡಿ. ಆ ಮನೆಗೆ ಇನ್ನು ಸುಣ್ಣ ಬಣ್ಣ, ಮಾಡಿನ ರಿಪೇರಿ ಸಾಕು.

ಬಾವಿಯ ಉಪ್ಪಿನ ಬಗ್ಗೆ. ಹೊಯಿಗೆಯ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಕಡಲಿಗಿಂತ ಒಂದು ಅಡಿ ಇಳಿದರೆ ಅಡಿಯಿಂದ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆ. ದಂಡೆ ಹತ್ತಿರ ಬಂದಷ್ಟೂ ಈ ಪದರ ತೆಳುವಾಗುತ್ತದೆ. ಪಂಪ್ ಬಿಟ್ಟು ಒಂದೇ ಸಲಕ್ಕೆ ಎಳೆದರೆ ಉಪ್ಪು ಬೇಗ ಬರುತ್ತದೆ. ಬೇಸಗೆಯಲ್ಲಿ ಕೊಡಪಾನದಲ್ಲೇ ಮೇಲಿನ ನೀರು ಸೇದಿ. ಮಾಡಿನ ನೀರನ್ನು ಮಳೆಗಾಲದಲ್ಲಿ ಬಾವಿಗೆ ಬಿಟ್ಟರೆ ಸಿಹಿ ಕೆಲವು ವಾರ ಹೆಚ್ಚು ಉಳಿಯುತ್ತದೆ.

ಅರ್ಜಿ ಕೊಡಲು ಮತ್ಸ್ಯಭವನಕ್ಕೆ, ಅಂದರೆ ಮೀನುಗಾರಿಕಾ ಇಲಾಖೆಯ ಆಫೀಸಿಗೆ ಹೋಗುವಾಗ ಜಾಗದ ಪಟ್ಟಯ (ಹಕ್ಕುಪತ್ರ) ಅಥವಾ ಕೈವಶ ಸರ್ಟಿಫಿಕೇಟ್, ಮನೆ ನಂಬ್ರ, ರೇಷನ್ ಕಾರ್ಡ್, ನಿಮ್ಮವರ ಮೀನುಗಾರರ ಕ್ಷೇಮನಿಧಿ ಪುಸ್ತಕ ಜೊತೆಯಲ್ಲಿರಲಿ. ಪಟ್ಟಯ ಇಲ್ಲದಿದ್ದರೆ ಮೊದಲು ವಿಲೇಜ್ ಆಫೀಸಿನಲ್ಲಿ ಆ ಕೆಲಸ ಹಿಡಿಯಿರಿ, ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಅದೇ. ಮಲೆಯಾಳಂ ಫಾರಂ ಕೊಟ್ಟು ಸಹಿ ಹಾಕಿ ಅಂದರೆ ಓದದೆ ಹಾಕಬೇಡಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ನಿಮಗಿದೆ, ಕೇಳಿ ಪಡೆಯಿರಿ. ನೀವು ಬಿಟ್ಟುಕೊಡುವ ಜಾಗದ ಹಕ್ಕು ಯಾರದ್ದಾಗುತ್ತದೆ, ಅಲ್ಲಿ ಬಲೆ, ದೋಣಿ ಇಡಲು ಬಿಡುತ್ತಾರಾ, ಹೊಸ ಜಾಗ ಎಷ್ಟು ವರ್ಷ ಮಾರಬಾರದು, ಈ ಮೂರಕ್ಕೂ ಉತ್ತರ ಬರಹದಲ್ಲಿ ಕೈಗೆ ಬಂದ ಮೇಲೆಯೇ ಸಹಿ ಹಾಕಿ. ಅಳತೆಗೆ ಫೆಬ್ರವರಿವರೆಗೆ ಕಾಯಬಹುದು, ಅರ್ಜಿಗೆ ಕಾಯಬೇಡಿ. ಮಳೆಗಾಲ ಬಂದರೆ ಆ ಆಫೀಸಿನ ಮುಂದೆ ಸಾಲು ಉದ್ದವಾಗುತ್ತದೆ.